ಹಿರಿಯೂರು ಮುಟ್ಟದ ಪ್ಯಾಕೆಟ್ಟು

ಕೇಳುಗರೇ, ನಮಸ್ಕಾರ. ಪೆನ್ನು, ಹಾಳೆ ಹತ್ತಿರವಿಟ್ಟುಕೊಳ್ಳಿ. ಕಂಪ್ಯೂಟರ್ ಜಾಲದಲ್ಲಿ ಪ್ಯಾಕೆಟ್ಟು, ಅಂದರೆ ಮಾಹಿತಿಯ ತುಣುಕು, ಗುರಿ ಮುಟ್ಟದೆ ಸುತ್ತುತ್ತಲೇ ಇರುವ ಲೂಪಿನ ಕಥೆ ಇದು, ಬರೀ ಕಿವಿಗೆ ದಕ್ಕುವ ಲೆಕ್ಕವಲ್ಲ. ಮೇಲೆ ದಾವಣಗೆರೆ, ಕೆಳಗೆ ಚಿತ್ರದುರ್ಗ ಎಂದು ಬರೆಯಿರಿ. ನಡುವೆ ಒಂದು ಪಕ್ಕ ಭರಮಸಾಗರ, ಇನ್ನೊಂದು ಪಕ್ಕ ಹೊಳಲ್ಕೆರೆ. ನಾಲ್ಕಕ್ಕೂ ಒಂದೊಂದು ರೌಟರ್, ಅಂದರೆ ಪ್ಯಾಕೆಟ್ಟಿಗೆ ದಾರಿ ತೋರುವ ಯಂತ್ರ, ಇದೆ ಎಂದುಕೊಳ್ಳಿ. ಚಿತ್ರದುರ್ಗದಿಂದ ಮುಂದೆ ಹಿರಿಯೂರು. ದಾವಣಗೆರೆ ಕಡೆ ಓಎಸ್‌ಪಿಎಫ್, ಚಿತ್ರದುರ್ಗದ ಕಡೆ ರಿಪ್: ಎರಡೂ ರೌಟರುಗಳು ತಮ್ಮತಮ್ಮಲ್ಲಿ ದಾರಿ ಹೇಳಿಕೊಳ್ಳುವ ಭಾಷೆಗಳು. ಭರಮಸಾಗರ, ಹೊಳಲ್ಕೆರೆ ಎರಡೂ ಗಡಿಯಲ್ಲಿ ಕೂತು ಅಲ್ಲಿಯ ರೂಟು, ಅಂದರೆ ದಾರಿಯ ಸುದ್ದಿ, ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ದಾಟಿಸುತ್ತವೆ. ಇದೇ ರೀಡಿಸ್ಟ್ರಿಬ್ಯೂಷನ್.

ಗಡಿ ಒಂದೇ ಇದ್ದಾಗ ಸಾಮಾನ್ಯವಾಗಿ ತಂಟೆಯಿಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಎರಡಿಟ್ಟಾಗಲೇ ಕಾಟ.

ಹಿರಿಯೂರಿನ ರೂಟನ್ನು ಭರಮಸಾಗರ ಓಎಸ್‌ಪಿಎಫ್‌ಗೆ ದಾಟಿಸಿತು. ಅದು ದಾವಣಗೆರೆ ಬಳಸಿ ಹೊಳಲ್ಕೆರೆಗೆ ಬಂತು. ಹೊಳಲ್ಕೆರೆಗೆ ಅದೇ ರೂಟು ಚಿತ್ರದುರ್ಗದಿಂದ ರಿಪ್‌ನಲ್ಲಿ ಆಗಲೇ ಸಿಕ್ಕಿದೆ. ಯಾರ ಮಾತು ನಂಬಬೇಕು? ಸಿಸ್ಕೊ ಕಂಪನಿಯ ರೌಟರಿನಲ್ಲಿ ಅದನ್ನು ತೀರ್ಮಾನಿಸುವುದು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್. ಅಂಕಿ ಸಣ್ಣದಾದಷ್ಟೂ ನಂಬಿಕೆ ಹೆಚ್ಚು. ಓಎಸ್‌ಪಿಎಫ್‌ಗೆ 110, ರಿಪ್‌ಗೆ 120. ಹಾಗಾಗಿ ಹೊಳಲ್ಕೆರೆ ನೇರ ದಾರಿ ಬಿಟ್ಟು ಸುತ್ತುದಾರಿ ಹಿಡಿಯುತ್ತದೆ. ಅಷ್ಟಕ್ಕೇ ನಿಂತಿದ್ದರೆ ದೂರವಷ್ಟೇ ಹೆಚ್ಚುತ್ತಿತ್ತು. ಆದರೆ ಹೊಳಲ್ಕೆರೆ ಆ ರೂಟನ್ನು ಮೆಟ್ರಿಕ್ (ದೂರದ ಅಂಕಿ; ರಿಪ್‌ನಲ್ಲಿ ಹಾಪ್, ಅಂದರೆ ದಾಟಬೇಕಾದ ರೌಟರುಗಳ ಎಣಿಕೆ) 1 ಎಂದು ಹೇಳಿ ವಾಪಸ್ ರಿಪ್‌ಗೆ ಬಿಡುತ್ತದೆ. ಚಿತ್ರದುರ್ಗಕ್ಕೆ ಹಿರಿಯೂರು ನಿಜಕ್ಕೂ 3 ಹಾಪ್. 1 ಅಂದವರಿಗೇ ಮಣೆ.

ಈಗ ಹಾಳೆಯ ಮೇಲೆ ಬೆರಳಾಡಿಸಿ. ಹಿರಿಯೂರಿಗೆ ಹೊರಟ ಪ್ಯಾಕೆಟ್ಟು ಚಿತ್ರದುರ್ಗದಿಂದ ಹೊಳಲ್ಕೆರೆಗೆ, ಅಲ್ಲಿಂದ ದಾವಣಗೆರೆಗೆ, ಭರಮಸಾಗರಕ್ಕೆ, ಮತ್ತೆ ಚಿತ್ರದುರ್ಗಕ್ಕೆ. ಟಿಟಿಎಲ್, ಅಂದರೆ ರೌಟರ್ ದಾಟಿದಂತೆಲ್ಲ ಒಂದೊಂದು ಇಳಿಯುವ ಪ್ಯಾಕೆಟ್ಟಿನ ಆಯಸ್ಸು, ಸೊನ್ನೆಯಾಗುವವರೆಗೂ ಇದೇ ಗಾಣ. ಟ್ರೇಸ್‌ರೂಟ್ ಆಜ್ಞೆ ಕೊಟ್ಟು ದಾರಿಯ ರೌಟರುಗಳ ಪಟ್ಟಿ ಕೇಳಿದರೆ ಅವೇ ನಾಲ್ಕು ವಿಳಾಸ ಮತ್ತೆ ಮತ್ತೆ ಬರುತ್ತವೆ. ಸುಳ್ಳು ರೂಟಿನ ಮೆಟ್ರಿಕ್ ಏರುತ್ತಾ 16 ಮುಟ್ಟಿ ಸಾಯಬೇಕು, ರಿಪ್‌ಗಿರುವ ಕಾವಲು ಅದು. ಇಲ್ಲಿ ಆ ಕಾವಲೂ ಕುರುಡು: ಗಡಿ ದಾಟಿದಾಗಲೆಲ್ಲ ಹಳೆ ಲೆಕ್ಕ ಅಳಿಸಿ 1ರಿಂದ ಶುರು.

ಮದ್ದು ಟ್ಯಾಗು, ರೂಟಿನ ಜೊತೆ ಹೋಗುವ ಗುರುತಿನ ಅಂಕಿ. ಜಾತ್ರೆಯಲ್ಲಿ ದನಕ್ಕೆ ಬಣ್ಣ ಬಳಿದ ಹಾಗೆ ಅಂದುಕೊಳ್ಳಿ. ರಿಪ್‌ನಿಂದ ಓಎಸ್‌ಪಿಎಫ್‌ಗೆ ಹೋಗುವ ರೂಟಿಗೆ ಎರಡೂ ಗಡಿಯಲ್ಲಿ ಟ್ಯಾಗ್ 120 ಹಚ್ಚಿ. ವಾಪಸ್ ರಿಪ್‌ಗೆ ಬರುವ ದಾರಿಯ ರೂಟ್-ಮ್ಯಾಪಿನಲ್ಲಿ (ಯಾವ ರೂಟು ಬಿಡಬೇಕು, ಯಾವುದು ತಡೆಯಬೇಕು ಎಂಬ ಸಾಲುಗಳ ಪಟ್ಟಿ) ಮೊದಲ ಸಾಲು, ಅಂದರೆ 10ನೇದು, ಟ್ಯಾಗ್ 120 ಇದ್ದದ್ದನ್ನು ತಡೆಯಲಿ. 20ನೇದು ಉಳಿದದ್ದನ್ನು ಟ್ಯಾಗ್ 110 ಹಚ್ಚಿ ಬಿಡಲಿ. ರಿಪ್‌ನಿಂದ ಹೊರಡುವ ಬಾಗಿಲಲ್ಲೂ ಹೀಗೇ 110 ಕಂಡರೆ ತಡೆ. 20ನೇ ಸಾಲು ಮರೆತರೆ ಕೆಲಸ ಕೆಟ್ಟಿತು: ರೂಟ್-ಮ್ಯಾಪಿನ ಕೊನೆಗೆ ಕಾಣದ ನಿಷೇಧವೊಂದು ಇದ್ದೇ ಇರುತ್ತದೆ, ಎಲ್ಲ ರೂಟೂ ಅಲ್ಲೇ ಬೀಳುತ್ತವೆ. ರಿಪ್ ಎರಡನೇ ಆವೃತ್ತಿಯೇ ಬೇಕು. ಮೊದಲನೆಯದರಲ್ಲಿ ಟ್ಯಾಗಿಗೆ ಜಾಗವಿಲ್ಲ. ರೂಟ್-ಮ್ಯಾಪ್ ಮೊದಲು ಬರೆದಿಟ್ಟು, ಆಮೇಲೆ ರೀಡಿಸ್ಟ್ರಿಬ್ಯೂಷನ್ ಆನ್ ಮಾಡಿ. ತಿರುವುಮುರುವಾದರೆ ನಡುವಿನ ಅರ್ಧ ನಿಮಿಷವೇ ಸಾಕು ಲೂಪ್ ಹುಟ್ಟಲು.

ಟ್ಯಾಗು ಲೂಪ್ ತಡೆಯುತ್ತದೆ, ಹೊಳಲ್ಕೆರೆಯ ಸುತ್ತುದಾರಿ ತಪ್ಪಿಸದು. ಅದಕ್ಕೆ ಗಡಿಯ ಎರಡೂ ರೌಟರಿನಲ್ಲಿ ಓಎಸ್‌ಪಿಎಫ್ ಎಕ್ಸ್‌ಟರ್ನಲ್ ಡಿಸ್ಟೆನ್ಸ್, ಅಂದರೆ ಹೊರಗಿನಿಂದ ದಾಟಿ ಬಂದ ರೂಟಿನ ಅಂಕಿ, 121 ಮಾಡಿ. 120ರ ರಿಪ್ ಗೆಲ್ಲುತ್ತದೆ, ನೇರ ದಾರಿ ಉಳಿಯುತ್ತದೆ.

ಕೊನೆಗೊಂದು ಪರೀಕ್ಷೆ. ಹಿರಿಯೂರಿನ ಇಂಟರ್‌ಫೇಸ್ ಮುಚ್ಚಿ ನೋಡಿ. ರಿಪ್‌ನಲ್ಲಿ ಸತ್ತ ರೂಟು ಬಹಳವೆಂದರೆ 240 ಸೆಕೆಂಡಿಗೆ ಟೇಬಲ್ಲಿನಿಂದ ಹೋಗಬೇಕು. ಐದು ನಿಮಿಷವಾದರೂ ದಾವಣಗೆರೆಯಲ್ಲಿ ಹಿರಿಯೂರು ಕಾಣುತ್ತಲೇ ಇದ್ದರೆ, ಯಾವುದೋ ಗಡಿಯಲ್ಲಿ ಟ್ಯಾಗು ಬಿಟ್ಟುಹೋಗಿದೆ.