ದೊಆಯಿ ಸ್ಟೇಷನ್: ಅಮ್ಮನ ಜೊತೆ 486 ಮೆಟ್ಟಿಲು

ನಮಸ್ಕಾರ ಎಲ್ಲರಿಗೂ. ಮೊಬೈಲ್ ಬ್ರೈಟ್‌ನೆಸ್ ಜಾಸ್ತಿ ಮಾಡ್ಕೋಬೇಡಿ, ಇಲ್ಲಿ ಬೆಳಕು ಇರೋದೇ ಇಷ್ಟು. ದೂರದಲ್ಲಿ ಕೆಂಪು ದೀಪ ಕಾಣ್ತಿದೆಯಲ್ಲ, ನಾವು ಈಗ ತಾನೇ ಇಳಿದ ರೈಲು ಅದು. ನಾವಿರೋದು ಸುರಂಗದ ಒಳಗಿನ ಪ್ಲಾಟ್‌ಫಾರಂನಲ್ಲಿ. ಜಪಾನಿನ ಗುನ್ಮಾ ಪ್ರಾಂತ್ಯ, ಜೋಎತ್ಸು ಲೈನ್, ದೊಆಯಿ ಸ್ಟೇಷನ್. ಟಿಕೆಟ್ ಗೇಟ್ ಇರೋದು ನಮ್ಮ ತಲೆ ಮೇಲೆ, ಸುಮಾರು 70 ಮೀಟರ್ ಎತ್ತರದಲ್ಲಿ. ಲಿಫ್ಟ್ ಇಲ್ಲ, ಎಸ್ಕಲೇಟರ್ ಇಲ್ಲ.

ಮೇಲೆ ಆಗಸ್ಟ್ ತಿಂಗಳ ಸೆಖೆ, ಇಲ್ಲಿ ನೋಡಿದ್ರೆ ಅಮ್ಮ ಶಾಲು ತೆಗೆದು ಹೊದ್ಕೊಂಡ್ರು.

ಹೊರಡೋ ಮುಂಚೆ ಒಂದು ಮಾತು. ಸುಯಿಕಾ ಕಾರ್ಡ್, ಅಂದ್ರೆ ಮುಂಚೆನೇ ದುಡ್ಡು ಹಾಕಿಟ್ಟು ಗೇಟಲ್ಲಿ ತಾಗಿಸೋ ರೈಲ್ ಕಾರ್ಡ್, ಇಲ್ಲಿ ನಡೆಯಲ್ಲ. ತೋಕ್ಯೋ ಕಡೆಯಿಂದ ಬಂದ್ರೆ ಕಾರ್ಡ್ ಮಿನಾಕಾಮಿ ಸ್ಟೇಷನ್ ತನಕ ಅಷ್ಟೇ, ಅದಕ್ಕೆ ಮೊದಲೇ ಪೇಪರ್ ಟಿಕೆಟ್ ತಗೊಂಡುಬಿಡಿ. ಇದು ಸಿಬ್ಬಂದಿ ಇಲ್ಲದ ಸ್ಟೇಷನ್, ಕೇಳೋಣ ಅಂದ್ರೂ ಯಾರೂ ಸಿಗಲ್ಲ.

ಬೋರ್ಡ್ ನೋಡಿ. 338 ಮೀಟರ್ ಉದ್ದ, 462 ಮೆಟ್ಟಿಲು. ಅದಾದ್ಮೇಲೆ ಗೇಟ್ ತನಕ ಇನ್ನೂ 143 ಮೀಟರ್, 24 ಮೆಟ್ಟಿಲು. ಎಲ್ಲಾ ಸೇರಿ 486. ಅಮ್ಮ ಬೋರ್ಡ್ ಮುಂದೆ ನಿಂತು ನನ್ನನ್ನ ಕೇಳಿದ್ರು, "ನಮ್ಮ ಬೆಟ್ಟಕ್ಕೆ ಎಷ್ಟೇ?" ಚಾಮುಂಡಿ ಬೆಟ್ಟಕ್ಕೆ ಸಾವಿರ ಅಂದೆ. "ಹಾಗಾದ್ರೆ ಅರ್ಧನೂ ಇಲ್ವಲ್ಲ, ನಡಿ" ಅಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ರು. ಆ ಕಾಣ್ತಿರೋದು ಅವರೇ, ಹಸಿರು ಸೀರೆ. ಇನ್ಮೇಲೆ ವಿಡಿಯೋ ಪೂರ್ತಿ ಬೆನ್ನು ಮಾತ್ರ ಕಾಣುತ್ತೆ.

ಮೆಟ್ಟಿಲು ಎತ್ತರ ಇಲ್ಲ. ಐದೈದು ಮೆಟ್ಟಿಲಿಗೆ ಒಂದು ಸಮತಟ್ಟು ಜಾಗ ಬಿಟ್ಟಿದ್ದಾರೆ, ಮಂಡಿಗೆ ಅದು ದೊಡ್ಡ ಉಪಕಾರ. ಪಕ್ಕದಲ್ಲಿ ಖಾಲಿ ಜಾಗ ಇದೆ ನೋಡಿ, ನೀರು ಹರೀತಿದೆ, ಪಾಚಿ ಕಟ್ಟಿದೆ. ಮುಂದೊಂದು ದಿನ ಎಸ್ಕಲೇಟರ್ ಹಾಕೋಣ ಅಂತ ಬಿಟ್ಟಿದ್ದ ಜಾಗ ಅದು. ಹಾಕಲೇ ಇಲ್ಲ. ಹಾಕಬೇಕಿತ್ತು ಕಣ್ರೀ, ಜಾಗ ಬಿಟ್ಟು ಸುಮ್ಮನಾಗೋದು ಯಾವ ನ್ಯಾಯ?

ಟಕ್ ಅಂತ ಒಂದು ಶಬ್ದ ಕೇಳಿಸ್ತಾ? ನನ್ನ ಸೂಟ್‌ಕೇಸ್ ಚಕ್ರ ಅದು. ಮೆಟ್ಟಿಲ ಮೇಲೆ ಎಳೀತಾ ಇರಲಿಲ್ಲ, ಎತ್ತಿಕೊಂಡೇ ಬರ್ತಿದ್ದೆ. ಸಮತಟ್ಟಲ್ಲಿ ಇಟ್ಟೆ, ಅಷ್ಟೇ, ಕಿತ್ಕೊಂಡು ಬಂತು. ಉರುಳ್ಕೊಂಡು ಹೋಗಿ ಆ ನೀರಿಗೆ ಬಿತ್ತು. 4,800 ರೂಪಾಯಿ ಕೊಟ್ಟಿದ್ದೀನಿ ಇದಕ್ಕೆ. ಮೈಸೂರಿನ ಒಂದು ಅಂಗಡಿ. ಅಂಗಡಿಯವನು ಅದನ್ನ ನೆಲದ ಮೇಲೆ ಗಿರಗಿರ ತಿರುಗಿಸಿ ತೋರಿಸಿ, ಐದು ವರ್ಷ ವಾರಂಟಿ ಮೇಡಂ, ಕಣ್ಮುಚ್ಚಿ ತಗೊಳ್ಳಿ ಅಂದಿದ್ದ. ಮುರಿದ ಜಾಗ ಹತ್ತಿರದಿಂದ ತೋರಿಸ್ತೀನಿ, ನೋಡಿ. ಇಪ್ಪತ್ತು ಕೆಜಿ ಹೊರೋ ಪೆಟ್ಟಿಗೆಗೆ ಪೆನ್ ರೀಫಿಲ್ ದಪ್ಪದ ಪ್ಲಾಸ್ಟಿಕ್ ಕಡ್ಡಿ. ಒಂದು ಸ್ಕ್ರೂ ಇಲ್ಲ, ಒಂದು ತಗಡು ಇಲ್ಲ. ವಾರಂಟಿ ಕಾರ್ಡಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ಚಕ್ರ ಮತ್ತು ಹಿಡಿಗೆ ಅನ್ವಯಿಸಲ್ಲ ಅಂತ. ಸೂಟ್‌ಕೇಸಲ್ಲಿ ಹಾಳಾಗೋದು ಆ ಎರಡೇ ತಾನೇ? ಅಪ್ಪನ ಹಳೇ ಪೆಟ್ಟಿಗೆಗೆ ಚಕ್ರವೇ ಇರಲಿಲ್ಲ, ಮದುವೆಗೆ ಕೊಟ್ಟಿದ್ದು, ಇವತ್ತಿಗೂ ಅಟ್ಟದ ಮೇಲೆ ಗಟ್ಟಿಯಾಗಿದೆ. ಸೂಟ್‌ಕೇಸ್ ತಗೊಳ್ಳುವಾಗ ಬಣ್ಣ ನೋಡ್ಬೇಡಿ, ತಲೆಕೆಳಗೆ ಮಾಡಿ ಚಕ್ರ ಅಲ್ಲಾಡಿಸಿ ನೋಡಿ.

ಅಮ್ಮ ಮೇಲಿಂದ ಕೂಗ್ತಿದ್ದಾರೆ, "ಏನಾಯ್ತೇ? ನಾನು ಕೆಳಗೆ ಬರಲಾ?" ಬೇಡಮ್ಮ, ಅಲ್ಲೇ ಬೆಂಚಲ್ಲಿ ಕೂತ್ಕೋ, ಬಂದೆ.

ಕೂತಿರುವಾಗ ಇದೆಲ್ಲ ಯಾಕೆ ಹೀಗಿದೆ ಅಂತ ಹೇಳಿಬಿಡ್ತೀನಿ. ನಮ್ಮ ಮೇಲಿರೋದು ತನಿಗಾವಾ ಬೆಟ್ಟದ ಸಾಲು. 1931ರಲ್ಲಿ ಇದನ್ನ ಕೊರೆದು 9.7 ಕಿಲೋಮೀಟರ್ ಉದ್ದದ ಶಿಮಿಜು ಸುರಂಗ ಮಾಡಿದ್ರು, ಆಗ ಜಪಾನಲ್ಲೇ ಉದ್ದದ್ದು. ದೊಆಯಿ ಸ್ಟೇಷನ್ ಆಗಿದ್ದು 1936ರಲ್ಲಿ, ಮೇಲೆ, ಬಿಸಿಲಿನಲ್ಲಿ. ಆಮೇಲೆ ಒಂದು ಹಳಿ ಸಾಲದು ಅಂತ 1967ರಲ್ಲಿ ಇನ್ನೂ ಆಳದಲ್ಲಿ 13.5 ಕಿಲೋಮೀಟರಿನ ಹೊಸ ಸುರಂಗ ಮಾಡಿದ್ರು. ಬೆಟ್ಟದ ಆಚೆಗಿನ ನೀಗಾತ ಕಡೆ ಹೋಗೋ ರೈಲು ಈ ಕೆಳಗಿನದ್ದಕ್ಕೆ ಬಂತು, ತೋಕ್ಯೋ ಕಡೆಗಿನದ್ದು ಹಳೇ ಸುರಂಗದಲ್ಲೇ ಉಳೀತು. ಅದಕ್ಕೇ ಒಂದೇ ಸ್ಟೇಷನ್ನಿನ ಒಂದು ಪ್ಲಾಟ್‌ಫಾರಂ ಪಾತಾಳದಲ್ಲಿ, ಇನ್ನೊಂದು ನೆಲದ ಮೇಲೆ. ಮೆಟ್ಟಿಲು ಬೇಡ ಅನ್ನೋರು ನೀಗಾತ ಕಡೆಯಿಂದ ಬನ್ನಿ, ಮೇಲೇ ಇಳೀತೀರ.

ಆಮೇಲೆ 1982ರಲ್ಲಿ ಶಿಂಕಾನ್‌ಸೆನ್, ಅಂದ್ರೆ ಬುಲೆಟ್ ರೈಲು ಬಂತು. ಇದೇ ಬೆಟ್ಟದಡಿ ಮೂರನೇ ಸುರಂಗ, 22 ಕಿಲೋಮೀಟರಿಗೂ ಜಾಸ್ತಿ. ದೂರ ಹೋಗೋರೆಲ್ಲ ಅದರಲ್ಲಿ ಹೋದ್ರು. ಈಗ ಇಲ್ಲಿ ದಿನಕ್ಕೆ ಬೆರಳೆಣಿಕೆ ರೈಲು. ಇಷ್ಟಕ್ಕೆ ಎಸ್ಕಲೇಟರ್ ಯಾರು ಹಾಕ್ತಾರೆ, ಹೇಳಿ? ಆಗಲೇ ಹಾಕಬೇಕಿತ್ತು ಅಂದೆನಲ್ಲ, ಆ ಮಾತು ವಾಪಸ್. ಎಸ್ಕಲೇಟರ್ ಇದ್ದಿದ್ರೆ ಈ ಉದ್ದ, ಈ ಆಳ ನಮ್ಮ ಕಾಲಿಗೆ ಗೊತ್ತಾಗ್ತಾನೇ ಇರಲಿಲ್ಲ. ಆದ್ರೆ ಲಿಫ್ಟ್ ಬೇಕು. ಗಾಲಿಕುರ್ಚಿಯಲ್ಲಿ ಬರೋರು ಈ ಪ್ಲಾಟ್‌ಫಾರಂಗೆ ಕಾಲಿಡೋಕೇ ಆಗಲ್ಲ. ಈ ಮಾತು ಮಾತ್ರ ನಾನು ಬದಲಾಯಿಸಲ್ಲ.

462! ಹಿಂದೆ ತಿರುಗಿ ನೋಡಿ. ಪ್ಲಾಟ್‌ಫಾರಂ ಚುಕ್ಕಿ ಥರ ಕಾಣ್ತಿದೆ.

ಇಳಿದು ಬಂದ ಒಬ್ರು ಜಪಾನಿ ಅಜ್ಜ ಅಮ್ಮನಿಗೆ ತಲೆ ಬಾಗಿಸಿದ್ರು, ಅಮ್ಮ ಕೈ ಮುಗಿದ್ರು. ನನ್ನ ಸೂಟ್‌ಕೇಸ್ ನೋಡಿ ಅಜ್ಜನ ಮುಖದಲ್ಲಿ ಎಷ್ಟು ಮರುಕ ಇತ್ತು ಅಂದ್ರೆ, ಎತ್ತಿಕೊಡೋಕೆ ಕೈ ಚಾಚೇಬಿಟ್ರು. ಅವರು ಕೆಳಗಿನ ರೈಲಿಗೆ ಹೊರಟವರು, ಹತ್ತು ನಿಮಿಷ ಬೇಕು ಇಳಿಯೋಕೆ. ಹಿಂದೆ ಸಿಬ್ಬಂದಿ ಇದ್ದಾಗ ರೈಲಿಗೆ ಹತ್ತು ನಿಮಿಷ ಮುಂಚೆಯೇ ಕೆಳಗಿನ ಪ್ಲಾಟ್‌ಫಾರಂಗೆ ಗೇಟ್ ಮುಚ್ಚಿಬಿಡ್ತಿದ್ರಂತೆ. ಒಳ್ಳೆ ನಿಯಮ.

ಈಗ ನಡೀತಿರೋ ಸೇತುವೆ ಕೆಳಗೆ ಯುಬಿಸೊ ನದಿ. ಕಿಟಕಿ ಗಾಜು ಮಾಸಿದೆ, ನೀರಿನ ಸದ್ದು ಮಾತ್ರ ಜೋರು. ಕೊನೇ 24 ಮೆಟ್ಟಿಲು ಸ್ಕಿಪ್ ಮಾಡ್ತೀನಿ.

ಗೇಟ್. ಹಳೇ ಟಿಕೆಟ್ ಕೋಣೆಯನ್ನ ಈಗ ಕೆಫೆ ಮಾಡಿದ್ದಾರೆ. ಚೆನ್ನಾಗಿ ಮಾಡಿದ್ದಾರೆ, ಖಾಲಿ ಬಿಟ್ಟು ಬೀಗ ಹಾಕೋದಕ್ಕಿಂತ ಸಾವಿರ ಪಾಲು ವಾಸಿ. ಅಮ್ಮನಿಗೆ ಕಾಫಿ ಸ್ಟ್ರಾಂಗ್ ಆಯ್ತು, ಹಾಲು ಕೇಳಿ ಹಾಕಿಸ್ಕೊಂಡ್ರು. ಮುಂದೆ ನಾವು ತನಿಗಾವಾ ರೋಪ್‌ವೇಗೆ. ನಡೆದ್ರೆ ಇಪ್ಪತ್ತು ನಿಮಿಷ ಇರಬಹುದು, ಆದ್ರೆ ಮೂರು ಚಕ್ರದ ಈ ಪೆಟ್ಟಿಗೆ ಇಟ್ಕೊಂಡು ನಾನಂತೂ ನಡೆಯಲ್ಲ. ಬಸ್ ಬಂತು, ಬಂತು, ಅಮ್ಮ ಕೈ ಬೀಸ್ತಿದ್ದಾರೆ. ಚಿಲ್ಲರೆ ತೆಗೀಬೇಕು, ಒಂದು ನಿಮಿಷ, ಕ್ಯಾಮೆರಾ ಆಫ್ ಮಾಡ್ತೀನಿ.