ತೋಳದ ಕತೆ ಎಲ್ಲರಿಗೂ ಗೊತ್ತು, ಎರಡು ತೋಪುಗಳ ನಡುವಿನ ಜಾಗ ಗೊತ್ತಾ?

ರೋಮಿನ ಪ್ಯಾಲಟೈನ್ ಗುಡ್ಡದ ಇಳಿಜಾರಿನಲ್ಲಿ ಒಂದು ಗುಡಿಸಲಿತ್ತು. ಕೋಲು ನೆಟ್ಟು ಜೊಂಡು ಹೊದಿಸಿದ್ದು, ಕುರಿ ಕಾಯುವವರು ಇರುವಂಥದ್ದು. ಅಗಸ್ಟಸ್ ಚಕ್ರವರ್ತಿಯ ಮನೆ ಇದ್ದದ್ದೂ ಅದೇ ಗುಡ್ಡದ ಮೇಲೆ. ಆ ಹೊತ್ತಿಗೆ ರೋಮಿನಲ್ಲಿ ಅಮೃತಶಿಲೆಯ ದೇವಸ್ಥಾನಗಳು ಏಳುತ್ತಿದ್ದವು. ಆದರೂ ಆ ಗುಡಿಸಲನ್ನು ಯಾರೂ ಕಿತ್ತು ಹಾಕಲಿಲ್ಲ. ಗಾಳಿಮಳೆಗೆ ಕೆಟ್ಟರೆ, ಹಳತಾಗಿ ಕುಸಿದರೆ, ಅದನ್ನು ನೋಡಿಕೊಳ್ಳುವವರು ಬಂದು ಮೊದಲಿದ್ದ ಹಾಗೇ ಸರಿಮಾಡಿ ಹೋಗುತ್ತಿದ್ದರು. ಇನ್ನಷ್ಟು ಚಂದ ಕಾಣಲಿ ಅಂತ ಏನನ್ನೂ ಸೇರಿಸುತ್ತಿರಲಿಲ್ಲ. ಆ ಕಾಲದಲ್ಲಿ ರೋಮಿನಲ್ಲಿ ನೆಲೆಸಿದ್ದ ಡಯೊನೀಸಿಯಸ್ ಎಂಬ ಗ್ರೀಕ್ ಇತಿಹಾಸಕಾರ ಇದನ್ನು ಬರೆದಿಟ್ಟಿದ್ದಾನೆ. ಆ ಗುಡಿಸಲಿಗೆ, ರೋಮ್ ಊರು ಕಟ್ಟಿದವನೆಂದು ಕತೆಗಳು ಹೇಳುವ ರೋಮ್ಯುಲಸ್‌ನ ಗುಡಿಸಲು ಅಂತ ಹೆಸರು.

ಅಷ್ಟು ದೊಡ್ಡ ಸಾಮ್ರಾಜ್ಯ ಆಳುತ್ತಿದ್ದ ಜನ, ನಮ್ಮ ಮೂಲ ಮನೆ ಇದು ಅಂತ ತೋರಿಸುತ್ತಿದ್ದದ್ದು ಈ ಜೊಂಡಿನ ಗುಡಿಸಲನ್ನು. ಇವತ್ತಿನ ಮಾತು ಇದರ ಸುತ್ತಲೇ. ತಮ್ಮ ಹುಟ್ಟಿನ ಬಗ್ಗೆ ರೋಮನ್ನರು ಏನು ಹೇಳಿಕೊಂಡರು, ಆಮೇಲೆ ಆ ಕತೆಯನ್ನು ಯಾವ ಕೆಲಸಕ್ಕೆ ಹಚ್ಚಿದರು.

ಕತೆ ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. ಆಲ್ಬಾ ಲಾಂಗಾ ಎಂಬ ಊರಿನ ದೊರೆ ನ್ಯೂಮಿಟರ್. ತಮ್ಮ ಅಮ್ಯೂಲಿಯಸ್ ಅವನನ್ನು ಇಳಿಸಿ ಪಟ್ಟಕ್ಕೇರುತ್ತಾನೆ. ಅಣ್ಣನ ಮಗಳು ರಿಯಾ ಸಿಲ್ವಿಯಾಗೆ ಮಕ್ಕಳಾಗಬಾರದು ಅಂತ ಅವಳನ್ನು, ಕನ್ಯೆಯರಾಗಿಯೇ ಉಳಿಯಬೇಕಾದ ವೆಸ್ಟಾ ದೇವಿಯ ಸೇವೆಗೆ ಬಿಡುತ್ತಾನೆ. ಆದರೂ ಅವಳಿಗೆ ಅವಳಿ ಗಂಡು ಮಕ್ಕಳು, ರೋಮ್ಯುಲಸ್ ಮತ್ತು ರೀಮಸ್. ತಂದೆ ಯುದ್ಧದೇವತೆ ಮಾರ್ಸ್. ಉಕ್ಕಿದ ಟೈಬರ್ ಹೊಳೆಯಲ್ಲಿ ಕೂಸುಗಳನ್ನು ತೇಲಿಬಿಡುತ್ತಾರೆ. ಹೆಣ್ಣು ತೋಳವೊಂದು ಹಾಲೂಡುತ್ತದೆ, ಫಾಸ್ಟುಲಸ್ ಎಂಬ ಕುರಿಗಾಹಿ ಮನೆಗೆ ಒಯ್ದು ಸಾಕುತ್ತಾನೆ. ದೊಡ್ಡವರಾದ ಮೇಲೆ ಅಣ್ಣತಮ್ಮಂದಿರು ತಮ್ಮದೇ ಊರು ಕಟ್ಟಲು ಹೊರಡುತ್ತಾರೆ. ಯಾರು ದೊರೆ ಅಂತ ಹಕ್ಕಿ ಶಕುನ ನೋಡುತ್ತಾರೆ. ರೀಮಸ್‌ಗೆ ಮೊದಲು 6 ರಣಹದ್ದು ಕಾಣುತ್ತವೆ, ರೋಮ್ಯುಲಸ್‌ಗೆ ಆಮೇಲೆ 12. ಮೊದಲು ಕಂಡದ್ದು ಲೆಕ್ಕವೋ, ಹೆಚ್ಚು ಕಂಡದ್ದು ಲೆಕ್ಕವೋ? ಜಗಳ ಹತ್ತುತ್ತದೆ. ರೀಮಸ್ ಹೊಸ ಗೋಡೆಯನ್ನು ಅಣಕಿಸಿ ದಾಟಿ ಹಾರಿದ, ರೋಮ್ಯುಲಸ್ ಅವನನ್ನು ಕೊಂದ. ಹೆಚ್ಚು ಜನ ಹೇಳುವ ಕತೆ ಅದು.

ಆ ತೋಳದ ವಿಷಯದಲ್ಲಿ ಒಂದು ಮಾತು. ಲ್ಯಾಟಿನ್‌ನಲ್ಲಿ ಹೆಣ್ಣು ತೋಳಕ್ಕೆ ಲೂಪಾ ಅನ್ನುತ್ತಾರೆ. ಮೈ ಮಾರಿ ಬದುಕುವ ಹೆಂಗಸಿಗೂ ಆಡುಮಾತಿನಲ್ಲಿ ಅದೇ ಪದ. ಕುರಿಗಾಹಿಯ ಹೆಂಡತಿಯನ್ನೇ ಜನ ಹಾಗೆ ಕರೆಯುತ್ತಿದ್ದರು, ತೋಳದ ಕತೆ ಅಲ್ಲಿಂದ ಹುಟ್ಟಿತು ಅಂತ ಕೆಲವರು ಹೇಳುವುದುಂಟು ಎಂದು ರೋಮಿನ ಇತಿಹಾಸಕಾರ ಲಿವಿಯೇ ಬರೆದಿದ್ದಾನೆ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಊರು ಕಟ್ಟಿದ ದಿನ ಕ್ರಿ.ಪೂ. 753ರ ಏಪ್ರಿಲ್ 21 ಅಂತ ರೂಢಿ. ಏಪ್ರಿಲ್ 21 ಕುರಿಗಾಹಿಗಳ ಹಬ್ಬದ ದಿನ. 753 ಅನ್ನುವುದು ನೂರಾರು ವರ್ಷಗಳ ಮೇಲೆ ವಾರೊ ಎಂಬ ವಿದ್ವಾಂಸ ಹಾಕಿದ ಲೆಕ್ಕ. ರೋಮ್ಯುಲಸ್ ಅನ್ನುವ ಹೆಸರೂ ರೋಮ್ ಎಂಬ ಊರ ಹೆಸರಿನಿಂದಲೇ ಹುಟ್ಟಿದಂತೆ ಕಾಣುತ್ತದೆ. ಆದರೆ 1948ರಲ್ಲಿ ಪ್ಯಾಲಟೈನ್ ಮೇಲೆ ಅಗೆದಾಗ, ಬಂಡೆಯಲ್ಲೇ ಕೊರೆದ ಕಂಬದ ಕುಳಿಗಳು ಸಿಕ್ಕವು. ಕಬ್ಬಿಣ ಯುಗದ ಗುಡಿಸಲುಗಳ ಕುಳಿಗಳು. ರೋಮ್ಯುಲಸ್ ಇದ್ದನೋ ಇಲ್ಲವೋ, ಗುಡಿಸಲುಗಳಂತೂ ಇದ್ದವು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಜಾಗಕ್ಕೆ ಬರೋಣ. ಅವಳಿಗಳಿಗೆ ಹಾಲೂಡುವ ತೋಳದ ಬೊಂಬೆ ನೋಡಿದವರು ಈ ಜಾಗವನ್ನು ಕೇಳಿಯೇ ಇರುವುದಿಲ್ಲ. ಗೋಡೆ ಎದ್ದಿದೆ, ಒಳಗೆ ಜನ ಇಲ್ಲ. ಆಗ ರೋಮ್ಯುಲಸ್ ಕ್ಯಾಪಿಟೊಲೈನ್ ಗುಡ್ಡದ ಮೇಲೆ, ಎರಡು ಮರದ ತೋಪುಗಳ ನಡುವಿನ ಜಾಗವನ್ನು ಆಶ್ರಯದ ತಾಣ ಅಂತ ಸಾರುತ್ತಾನೆ. ಸುತ್ತಲ ಊರುಗಳಿಂದ ಜನ ಓಡಿ ಬರುತ್ತಾರೆ. ಬಂದವನು ಸ್ವತಂತ್ರನೋ ಗುಲಾಮನೋ ಅಂತ ಯಾರೂ ವಿಚಾರಿಸಲಿಲ್ಲ, ಹೊಸ ಬಾಳು ಬೇಕು ಅಂದವರೆಲ್ಲ ಬಂದರು, ರೋಮಿನ ಬಲಕ್ಕೆ ಮೊದಲ ಅಡಿಪಾಯ ಅದೇ ಅಂತ ಲಿವಿ ಬರೆಯುತ್ತಾನೆ. ತಾವು ಆ ಮಣ್ಣಿನಿಂದಲೇ ಹುಟ್ಟಿದವರು ಅಂತ ಅಥೆನ್ಸಿನವರು ಹೆಮ್ಮೆಪಡುತ್ತಿದ್ದರು. ರೋಮನ್ನರು ಮಾತ್ರ, ನಾವು ಎಲ್ಲೆಲ್ಲಿಂದಲೋ ಬಂದು ಸೇರಿದವರು ಅಂತ ತಾವಾಗಿಯೇ ಹೇಳಿಕೊಂಡರು. ಅವರ ಇನ್ನೊಬ್ಬ ಮೂಲಪುರುಷ ಈನಿಯಾಸ್ ಕೂಡ ಸುಟ್ಟುಹೋದ ಟ್ರಾಯ್‌ನಿಂದ ಕಡಲು ದಾಟಿ ಬಂದ ನಿರಾಶ್ರಿತ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಆಶ್ರಯಕ್ಕೆ ಬಂದವರು ಗಂಡಸರು. ಹೆಣ್ಣು ಕೊಡಲು ಅಕ್ಕಪಕ್ಕದ ಊರಿನವರು ಒಪ್ಪಲಿಲ್ಲ. ರೋಮ್ಯುಲಸ್ ಕಾನ್ಸಸ್ ದೇವರ ಹಬ್ಬಕ್ಕೆ ಅಂತ ಸಬೀನರನ್ನೂ ಇತರರನ್ನೂ ಮನೆಮಂದಿ ಸಮೇತ ಕರೆಸುತ್ತಾನೆ. ಆಟ ನೋಡುತ್ತ ಎಲ್ಲರೂ ಮೈಮರೆತಾಗ ಸನ್ನೆ ಮಾಡುತ್ತಾನೆ, ಹುಡುಗಿಯರನ್ನು ಹೊತ್ತೊಯ್ಯುತ್ತಾರೆ. ಇದನ್ನು ಮದುವೆಯ ಕತೆ ಅಂತ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅತಿಥಿಗಳಾಗಿ ಬಂದ ಹೆಣ್ಣುಮಕ್ಕಳ ಅಪಹರಣ ಅದು. ಆಮೇಲೆ ತವರಿನವರು ಯುದ್ಧಕ್ಕೆ ಬಂದಾಗ, ಅದೇ ಹೆಂಗಸರು ಕೂದಲು ಕೆದರಿಕೊಂಡು ಹಾರುವ ಈಟಿಗಳ ನಡುವೆ ನುಗ್ಗಿ, ಅಪ್ಪಂದಿರನ್ನೂ ಗಂಡಂದಿರನ್ನೂ ಬೇಡಿಕೊಂಡು ಕಾಳಗ ನಿಲ್ಲಿಸುತ್ತಾರೆ. ಸಬೀನರ ದೊರೆ ಟೇಷಿಯಸ್ ರೋಮ್ಯುಲಸ್ ಜೊತೆ ಸೇರಿ ಆಳುತ್ತಾನೆ. ಎರಡೂ ಕಡೆಯ ಜನ ಒಂದಾದದ್ದು ಆ ಹೆಂಗಸರಿಂದ. ಗಾಯ ಮಾತ್ರ ಆಚಾರದಲ್ಲಿ ಉಳಿಯಿತು. ರೋಮನ್ ಮದುಮಗಳು ಹೊಸಿಲನ್ನು ತಾನಾಗಿ ದಾಟುತ್ತಿರಲಿಲ್ಲ, ಎತ್ತಿಕೊಂಡು ಒಳಗೆ ಒಯ್ಯುತ್ತಿದ್ದರು. ಅವಳ ಬೈತಲೆಯನ್ನು ಈಟಿಯ ಮೊನೆಯಿಂದ ತೆಗೆಯುತ್ತಿದ್ದರು. ಇವೆರಡಕ್ಕೂ ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಆ ಅಪಹರಣವನ್ನೇ ಕಾರಣವಾಗಿ ಹೇಳುತ್ತಾನೆ. ಮದುವೆಯ ದಿನ, ಹುಡುಗಿಯ ನೆತ್ತಿಯ ಮೇಲೆ ಈಟಿಯ ಮೊನೆ. ಒಂದು ಕ್ಷಣ ಅದನ್ನು ಕಣ್ಣಮುಂದೆ ತಂದುಕೊಳ್ಳಿ.

ಆ ಸಮಾಜ ಒಳಗೂ ಮೆದುವಾಗಿರಲಿಲ್ಲ. ಮನೆಯ ಯಜಮಾನನಿಗೆ ಮಕ್ಕಳ ಜೀವ ತೆಗೆಯುವ ಅಧಿಕಾರವೂ ಇತ್ತು. ಕ್ರಿ.ಪೂ. 451-450ರಲ್ಲಿ ಬರೆದ ಹನ್ನೆರಡು ಫಲಕಗಳ ಕಾನೂನು ಸಾಲಗಾರನ ಬಗ್ಗೆ ಏನು ಹೇಳುತ್ತದೆ ಕೇಳಿ. ತೀರಿಸಲು 30 ದಿನ ಗಡುವು. ಆಗದಿದ್ದರೆ ಸಾಲ ಕೊಟ್ಟವನು ಅವನಿಗೆ ಬೇಡಿ ಹಾಕಿ ಮನೆಗೆ ಎಳೆದೊಯ್ಯಬಹುದು. ಅವನ ಊಟಕ್ಕೆ ದಿನಕ್ಕೆ ಒಂದು ಪೌಂಡ್ ಧಾನ್ಯ. 60 ದಿನ ಕಳೆದರೂ ಬಿಡಿಸಿಕೊಳ್ಳುವವರು ಬರದಿದ್ದರೆ, ಟೈಬರ್ ಆಚೆಗೆ ಗುಲಾಮನಾಗಿ ಮಾರಬಹುದು. ಇಂಥ ಸಾಲದ ಕಾಟಕ್ಕೇ ಕ್ರಿ.ಪೂ. 494ರಲ್ಲಿ ಪ್ಲೆಬಿಯನ್ನರು, ಅಂದರೆ ಸಾಮಾನ್ಯ ಜನ, ಊರು ಬಿಟ್ಟು ಗುಡ್ಡದ ಮೇಲೆ ಹೋಗಿ ಕುಳಿತದ್ದು ಅಂತ ಪರಂಪರೆ ಹೇಳುತ್ತದೆ. ಟ್ರಿಬ್ಯೂನ್ ಎಂಬ ತಮ್ಮ ಪ್ರತಿನಿಧಿಗಳನ್ನು ಪಡೆದೇ ಅವರು ಇಳಿದು ಬಂದರು. ಹನ್ನೆರಡು ಫಲಕಗಳಲ್ಲೇ ಇನ್ನೊಂದು ಕಟ್ಟಳೆ: ಕುಲೀನ ಪ್ಯಾಟ್ರಿಷಿಯನ್ನರಿಗೂ ಪ್ಲೆಬಿಯನ್ನರಿಗೂ ಮದುವೆ ಸಂಬಂಧ ಕೂಡದು.

ಹುಟ್ಟಿನ ಕತೆ ಕೆಲಸಕ್ಕೆ ಬಂದದ್ದು ಇಲ್ಲಿ. ಕ್ರಿ.ಪೂ. 445ರಲ್ಲಿ ಕ್ಯಾನುಲಿಯಸ್ ಎಂಬ ಟ್ರಿಬ್ಯೂನ್ ಆ ಕಟ್ಟಳೆ ತೆಗೆಯಿರಿ ಅಂತ ನಿಂತ. ಅವನ ಭಾಷಣವನ್ನು ಲಿವಿ ನಾಲ್ಕು ಶತಮಾನದ ಮೇಲೆ ತನ್ನ ಮಾತಿನಲ್ಲಿ ಬರೆದದ್ದು, ಅದು ನೆನಪಿರಲಿ. ವಾದ ಮಾತ್ರ ಗಟ್ಟಿ, ಅವನು ಕೇಳಿದ್ದು ಇದು: ನ್ಯೂಮಾನನ್ನು ಸಬೀನರ ಸೀಮೆಯಿಂದ ಕರೆತಂದು ದೊರೆ ಮಾಡಿದಿರಿ. ಹಿರಿಯ ಟಾರ್ಕ್ವಿನ್ ಇಟಲಿಯ ವಂಶದವನೂ ಅಲ್ಲ, ಅವನಪ್ಪ ಗ್ರೀಸಿನ ಕಾರಿಂತ್‌ನವನು. ಸರ್ವಿಯಸ್ ಟುಲಿಯಸ್ ಸೆರೆಸಿಕ್ಕ ಹೆಂಗಸಿನ ಮಗ. ಹೊರಗಿನವರು ದೊರೆಗಳಾದ ಊರಿನಲ್ಲಿ, ಒಳಗಿನವರೇ ಆದ ನಾವು ನಿಮ್ಮ ಬೀಗರಾಗಬಾರದೇ? ಕಟ್ಟಳೆ ಬಿದ್ದುಹೋಯಿತು.

ಕತೆ ಬದುಕಿಗೂ ಇಳಿದಿತ್ತು. ರೋಮನ್ ಪ್ರಜೆಯೊಬ್ಬ ತನ್ನ ಗುಲಾಮನನ್ನು ಕ್ರಮಪ್ರಕಾರ ಬಿಡುಗಡೆ ಮಾಡಿದರೆ ಅವನೂ ಪ್ರಜೆಯಾಗುತ್ತಿದ್ದ. ಗ್ರೀಕರಲ್ಲಿ ಹಾಗಿರಲಿಲ್ಲ. ಕ್ರಿ.ಪೂ. 214ರ ಸುಮಾರಿಗೆ ಮ್ಯಾಸಿಡೋನಿಯದ ದೊರೆ 5ನೇ ಫಿಲಿಪ್ ಲಾರಿಸ್ಸಾ ಊರಿನವರಿಗೆ ಒಂದು ಓಲೆ ಬರೆದ, ಅದು ಕಲ್ಲಿನ ಮೇಲೆ ಉಳಿದಿದೆ. ರೋಮನ್ನರನ್ನು ನೋಡಿ, ಬಿಟ್ಟ ಗುಲಾಮರನ್ನೂ ಪ್ರಜೆಗಳಾಗಿ ಸೇರಿಸಿಕೊಳ್ಳುತ್ತಾರೆ, ಅದಕ್ಕೇ ಅವರು ಬೆಳೆದರು ಅಂತ ಅದರ ಮಾತು. ಬರೆದವನು ರೋಮಿನ ಶತ್ರು ಎನ್ನುವುದು ಗಮನಿಸಿ. ಹಾಗಂತ ಗುಲಾಮಗಿರಿಯ ಕ್ರೌರ್ಯ ಇದರಿಂದ ಕಡಿಮೆಯಾಗಲಿಲ್ಲ. ಬಿಡುಗಡೆ ಕಾಣದೆ ಸತ್ತವರಿಗೆ ಈ ಬಾಗಿಲು ಯಾವತ್ತೂ ತೆರೆಯಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸರ್ಕಾರ ಮೇ 1ರ ಕಾರ್ಮಿಕರ ದಿನ ತೆಗೆದುಹಾಕಿ ಏಪ್ರಿಲ್ 21ನ್ನು ಹಬ್ಬ ಮಾಡಿತು. ತೋಳವನ್ನು ಎತ್ತಿ ಮೆರೆಸಿತು. 1938ರಲ್ಲಿ ಯಹೂದ್ಯರ ವಿರುದ್ಧ ಜನಾಂಗ ಕಾನೂನುಗಳನ್ನು ತಂದಿತು. ತೋಳ ಬೇಕು, ಎರಡು ತೋಪುಗಳ ನಡುವಿನ ಜಾಗ ಬೇಡ. ರೋಮಿನ ಹೆಸರಿನಲ್ಲಿ ರೋಮಿನ ಕತೆಗೇ ಮಾಡಿದ ದ್ರೋಹ ಅದು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಒಂದು ಕಂಚಿನ ಫಲಕ. 1528ರಲ್ಲಿ ಫ್ರಾನ್ಸಿನ ಲಿಯಾನ್ ಊರಿನಲ್ಲಿ, ದ್ರಾಕ್ಷಿ ತೋಟದ ಮಣ್ಣಿನಲ್ಲಿ ಸಿಕ್ಕಿದ್ದು. ಕ್ರಿ.ಶ. 48ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಸೆನೆಟ್ಟಿನಲ್ಲಿ, ಅಂದರೆ ರೋಮಿನ ಹಿರಿಯರ ಸಭೆಯಲ್ಲಿ, ಆಡಿದ ಮಾತು ಅದರ ಮೇಲೆ ಕೆತ್ತಿದೆ. ಗಾಲ್ ಸೀಮೆಯ, ಅಂದರೆ ಇಂದಿನ ಫ್ರಾನ್ಸ್ ಕಡೆಯ, ಹಿರಿಯರಿಗೆ ಸೆನೆಟ್ಟಿನಲ್ಲಿ ಜಾಗ ಕೊಡಬೇಕೋ ಬೇಡವೋ ಅನ್ನುವ ಚರ್ಚೆ. ಕ್ಲಾಡಿಯಸ್ ಹುಟ್ಟಿದ್ದೇ ಲಿಯಾನ್‌ನಲ್ಲಿ. ಅವನೂ ಅದೇ ಹೆಸರುಗಳನ್ನು ಎತ್ತುತ್ತಾನೆ. ನ್ಯೂಮಾ ಸಬೀನರ ಕಡೆಯವನು, ಟಾರ್ಕ್ವಿನ್‌ನ ಅಪ್ಪ ಕಾರಿಂತ್‌ನವನು, ಸರ್ವಿಯಸ್‌ನ ತಾಯಿ ಸೆರೆಯಾಳು. ಕ್ಯಾನುಲಿಯಸ್ ಕಾಲದಿಂದ ಆಗಲೇ ಸುಮಾರು ಐನೂರು ವರ್ಷ ಕಳೆದಿತ್ತು. ಸೆನೆಟ್ ಒಪ್ಪಿತು. ಗಾಲ್‌ನ ಈಡುಯಿ ಜನ ಎಲ್ಲರಿಗಿಂತ ಮೊದಲು ಒಳಗೆ ಬಂದು ಕುಳಿತರು.