ಮನೆ ಹಂಚಿ ನೋಡು

ಕೇಳುಗರೆ, ನಮಸ್ಕಾರ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ಹಿರಿಯರು. ಹಳೆಯ ನಗರಸಭೆಗಳ ಕತೆ ಓದಿದಾಗೆಲ್ಲ ಇದಕ್ಕೆ ಮೂರನೆಯದೊಂದನ್ನು ಸೇರಿಸಬೇಕು ಅನ್ನಿಸುತ್ತದೆ: ಮನೆ ಹಂಚಿ ನೋಡು.

ಲಂಡನ್ನಿನ ಪೂರ್ವಭಾಗದಲ್ಲಿ ಓಲ್ಡ್ ನಿಕೊಲ್ ಎಂಬ ಕೊಳೆಗೇರಿ ಇತ್ತು. ಗಾಳಿ ಬೆಳಕಿಲ್ಲದ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಸಾವಿನ ಪ್ರಮಾಣ ಊರಿನ ಉಳಿದ ಕಡೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು. 1890ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್, ಅಂದರೆ ಅಲ್ಲಿನ ನಗರಾಡಳಿತ, ಅದನ್ನು ಪೂರ್ತಿ ಕೆಡವಿತು. ಕೆಡವಿದ ಮಣ್ಣು ಇಟ್ಟಿಗೆಯನ್ನೇ ನಡುವೆ ಗುಡ್ಡೆ ಹಾಕಿ ಉದ್ಯಾನ ಮಾಡಿದರು, ಸುತ್ತ ಕೆಂಪು ಇಟ್ಟಿಗೆಯ ಚೆಂದದ ಕಟ್ಟಡಗಳು. ಬೌಂಡರಿ ಎಸ್ಟೇಟ್ ಎಂದು ಹೆಸರು. 1900ರಲ್ಲಿ ಯುವರಾಜರೇ ಬಂದು ಉದ್ಘಾಟಿಸಿದರು.

ಈಗ ಲೆಕ್ಕ ಕೇಳಿ. ಒಕ್ಕಲೆಬ್ಬಿಸಿದ್ದು 5,719 ಜನರನ್ನು. ಅವರಲ್ಲಿ ಹೊಸ ಮನೆಗೆ ಬಂದವರು 11 ಮಂದಿ.

ಬಾಡಿಗೆ ಜಾಸ್ತಿ, ಅದೊಂದು ಕಾರಣ. ಜೊತೆಗೆ, ಕೋಣೆಗೆ ಇಬ್ಬರಿಗಿಂತ ಹೆಚ್ಚು ಜನ ಇರಕೂಡದು ಎಂಬ ನಿಯಮ. ತಪ್ಪೇನಿಲ್ಲ ಬಿಡಿ. ಆದರೆ ನಾಲ್ಕಾರು ಮಕ್ಕಳ ಜೊತೆ ಒಂದೇ ಕೋಣೆಯಲ್ಲಿದ್ದ ಗಂಡಹೆಂಡಿರಿಗೆ ಈಗ ಎರಡೋ ಮೂರೋ ಕೋಣೆ ಬೇಕು. ಒಂದರ ಬಾಡಿಗೆಗೇ ತತ್ವಾರ! ಇಕ್ಕಟ್ಟು ತಪ್ಪಿಸಲು ಮಾಡಿದ ನಿಯಮ, ಇಕ್ಕಟ್ಟಿನಲ್ಲಿದ್ದವರನ್ನೇ ಬಾಗಿಲಲ್ಲಿ ತಡೆಯಿತು. ಬೀಗದಕೈ ಹೋಗಿದ್ದು ಕುಶಲಕರ್ಮಿಗಳ, ಗುಮಾಸ್ತರ, ಪೊಲೀಸರ ಕೈಗೆ. ಹಳಬರು ಗಂಟುಮೂಟೆ ಕಟ್ಟಿಕೊಂಡು ಅಕ್ಕಪಕ್ಕದ ಬೀದಿಗಳಿಗೆ ಹೋದರು. ಮೊದಲೇ ತುಂಬಿದ್ದ ಮನೆಗಳು ಇನ್ನಷ್ಟು ತುಂಬಿದವು.

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿಯೂ ಆಗ ಇಕ್ಕಟ್ಟು ಕಡಿಮೆಯದಲ್ಲ. ನೀರಿನ ನಲ್ಲಿ, ಪಾಯಿಖಾನೆ ಎರಡೂ ಮನೆಯಾಚೆ, ಎಲ್ಲರೂ ಓಡಾಡುವ ಹಾದಿಯಲ್ಲಿ. ಬಾಡಿಗೆ ತೂಗಿಸಲು ಎಷ್ಟೋ ಸಂಸಾರಗಳು ಹಾಸಿಗೆಯನ್ನೂ ಬಾಡಿಗೆಗೆ ಬಿಡುತ್ತಿದ್ದವು. ರಾತ್ರಿಪಾಳಿ ಮುಗಿಸಿದವನು ಬಂದು ಹಗಲೆಲ್ಲ ಮಲಗಿ ಎದ್ದು ಹೋಗುವುದು, ಅಷ್ಟೇ ಅವನ ಮನೆ.

1923ರಲ್ಲಿ ಅಲ್ಲಿನ ನಗರಸಭೆ ಐದು ವರ್ಷದಲ್ಲಿ 25,000 ಮನೆ ಕಟ್ಟಲು ತೀರ್ಮಾನಿಸಿತು. ಹಂಚುವುದಕ್ಕೆ ಅಂಕ ಕೊಡುವ ಪದ್ಧತಿ. ಮಕ್ಕಳಿದ್ದರೆ ಅಂಕ, ಈಗಿರುವ ಮನೆ ಇಕ್ಕಟ್ಟಾಗಿದ್ದರೆ ಅಂಕ, ಅಂಗವಿಕಲತೆಗೆ ಅಂಕ. ಕಷ್ಟ ಹೆಚ್ಚಿದ್ದವರೇ ಈ ಪರೀಕ್ಷೆಯಲ್ಲಿ ಮೊದಲಿಗರು! ಆಳುವ ಪಕ್ಷದವರಿಗೆ ಬೇಗ ಸಿಗುತ್ತದೆ ಎಂಬ ದೂರೂ ಇತ್ತು. ಇರದೆ ಇದ್ದೀತೆ?

ಮನೆ ದೊಡ್ಡದಲ್ಲ. ಮೊದಮೊದಲು ಕಟ್ಟಿದವು ಬಹುಪಾಲು 38 ಇಲ್ಲವೇ 48 ಚದರ ಮೀಟರ್. ಸ್ನಾನಕ್ಕೆ, ಬಟ್ಟೆ ಒಗೆಯಲು ಎಲ್ಲರಿಗೂ ಸೇರಿ ಒಂದು ಕಟ್ಟಡ. ಆದರೆ ನಲ್ಲಿ, ಪಾಯಿಖಾನೆ ಮನೆಯೊಳಗೆ ಬಂದವು. ಬಾಡಿಗೆ ಕಾರ್ಮಿಕನ ಸಂಬಳದಲ್ಲಿ ಸುಮಾರು ಶೇ. 4 ಮಾತ್ರ. ಹೇಗೆ ಸಾಧ್ಯವಾಯಿತು? ಕಟ್ಟಿದ ಖರ್ಚನ್ನು ಬಾಡಿಗೆಯಿಂದ ವಸೂಲು ಮಾಡಲೇ ಇಲ್ಲ. ನಗರಸಭೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ ಮನೆಗಳ ಮೇಲೆ ತೆರಿಗೆ ಹಾಕಿದರು. ಬಡವರಿಗೆ ಅಲ್ಪ, ಬಂಗಲೆಯವರಿಗೆ ಭಾರಿ. ಬಂಗಲೆಯವರು ಅವರಿಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

1934ರಲ್ಲಿ ಸಶಸ್ತ್ರ ಸಂಘರ್ಷವಾಗಿ ಆ ಆಡಳಿತವೇ ಉರುಳಿತು. ಅಷ್ಟರೊಳಗೆ 60,000ಕ್ಕೂ ಹೆಚ್ಚು ಮನೆ ಎದ್ದಿದ್ದವು. ಆ ಗೋಡೆಗಳ ಮೇಲೆ ಕೆಂಪು ಅಕ್ಷರದಲ್ಲಿ ಬರೆದದ್ದನ್ನು ಇವತ್ತಿಗೂ ಓದಬಹುದು: ಮನೆ ನಿರ್ಮಾಣ ತೆರಿಗೆಯ ಹಣದಿಂದ ವಿಯೆನ್ನಾ ನಗರಸಭೆ ಕಟ್ಟಿದ್ದು.